ಖಾಲಿ ಮೆಟ್ಟಿಲುಗಳಿಗೆ ಯಾರು ಹೊಣೆ?

ಕೆಲವು ದಿನಗಳ ಹಿಂದೆ ಮೊಮ್ಮಗನನ್ನು ಕರೆದುಕೊಂಡು ಒಂದು ಫುಟ್‌ಬಾಲ್ ಪಂದ್ಯಕ್ಕೆ ಹೋಗಿದ್ದೆ. ಆಡುತ್ತಿದ್ದದ್ದು ನಮ್ಮ ಬೆಂಗಳೂರಿನದೇ ಒಂದು ಹೊಸ ತಂಡ, ಕೆಳದರ್ಜೆಯ ಲೀಗಿನದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಅದರಲ್ಲಿ ಆಡುತ್ತಾನೆ, ಇಲ್ಲದಿದ್ದರೆ ನನಗೂ ಆ ಪಂದ್ಯದ ಸುದ್ದಿ ತಿಳಿಯುತ್ತಿರಲಿಲ್ಲ. ಆಟ ಚೆನ್ನಾಗಿಯೇ ಇತ್ತು. ಮೆಟ್ಟಿಲುಗಳ ಮೇಲೆ ಕುಳಿತವರನ್ನು ಮೊಮ್ಮಗ ಎಣಿಸಿಬಿಟ್ಟ: ನಮ್ಮಿಬ್ಬರನ್ನೂ ಸೇರಿಸಿ ಎಪ್ಪತ್ತಮೂರು. ಪಕ್ಕದಲ್ಲಿದ್ದ ತಂಡದ ಪದಾಧಿಕಾರಿಯೊಬ್ಬರು ನಿಟ್ಟುಸಿರಿಟ್ಟು, "ಏನು ಮಾಡೋದು ಸಾರ್, ನಮ್ಮ ಜನಕ್ಕೆ ಕ್ರಿಕೆಟ್ ಬಿಟ್ಟರೆ ಬೇರೇನೂ ಬೇಡ" ಎಂದರು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಷ್ಟೇ ಅಲ್ಲ, ಇದು ತಪ್ಪನ್ನು ತಳ್ಳಿಹಾಕುವ ಮಾತೆಂದು ನನ್ನ ಖಚಿತ ಅಭಿಪ್ರಾಯ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಫ್ರಾನ್ಸ್ ವಿರುದ್ಧ ಆಡಿದರು. ಪಂದ್ಯವನ್ನು 2–1ರಿಂದ ಸೋತರೂ ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಆಡಿ, 1952ರಲ್ಲಿ ಹೆಲ್ಸಿಂಕಿಗೂ ಹೋದ ಅಹಮದ್ ಖಾನ್ ಕೂಡ ಈ ಊರಿನವರೇ. ಹಳೆಯ ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. ಗೌತಮಪುರದಲ್ಲಿ ಪೆಲೆಗೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಪ್ರತಿಮೆ ನಿಲ್ಲಿಸುವಷ್ಟು ಪ್ರೀತಿಯಿರುವ ಊರಿಗೆ ಆಟ ಬೇಡ ಎಂದರೆ ನಂಬುವುದು ಹೇಗೆ?

ಹಿಂದೆ ಐ.ಟಿ.ಐ., ಎಚ್.ಎ.ಎಲ್. ಮುಂತಾದ ಕಾರ್ಖಾನೆಗಳ ತಂಡಗಳಿದ್ದವು. ಆಡುವವರು ಆ ಕಾರ್ಖಾನೆಯ ನೌಕರರು, ನೋಡುವವರು ಅವರ ಸಹೋದ್ಯೋಗಿಗಳು. ಬೆಳಿಗ್ಗೆ ಪಕ್ಕದ ಯಂತ್ರದ ಬಳಿ ನಿಂತಿದ್ದವನು ಸಂಜೆ ಗೋಲು ಹೊಡೆದರೆ ಕೂಗದೆ ಇರಲಾದೀತೇ? ಆ ತಂಡಗಳು ಬೆಂಬಲಿಗರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಕಾರ್ಖಾನೆಯ ಗೇಟಿನೊಳಗೇ ಬೆಂಬಲವಿತ್ತು. 2012ರಲ್ಲಿ ಎಚ್.ಎ.ಎಲ್. ತಂಡ ಐ-ಲೀಗ್‌ನಿಂದ ಕೆಳಗಿಳಿಯಿತು. ಆ ಕಾಲ ಮುಗಿಯಿತು. ಇಂದಿನ ಹೊಸ ತಂಡಗಳಿಗೆ ಕಾರ್ಖಾನೆಯಿಲ್ಲ, ಕೇರಿಯಿಲ್ಲ, ಇರುವುದು ಒಂದು ಲಾಂಛನ ಮತ್ತು ಬಣ್ಣದ ಅಂಗಿ ಮಾತ್ರ. ತಮ್ಮದೊಂದು ಕೇರಿಯನ್ನು ಅವು ಸ್ವಂತ ಶ್ರಮದಿಂದ ಸಂಪಾದಿಸಿಕೊಳ್ಳಬೇಕು. ಈ ಕೆಲಸವನ್ನು ಮಾಡದೆ ಜನರನ್ನು ದೂಷಿಸುವುದು ಸರಿಯಲ್ಲ.

"ಬೆಂಗಳೂರು ಎಫ್.ಸಿ.ಗೆ ಜನ ಬರಲಿಲ್ಲವೇ?" ಎಂದು ನೀವು ಕೇಳಬಹುದು. ಬಂದರು, ಸಂತೋಷ. 2013ರಲ್ಲಿ ಹುಟ್ಟಿದ ಆ ತಂಡ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನೀಲಿ ಅಂಗಿಯ ಹುಡುಗರು ಹಾಡಿ ಕುಣಿದದ್ದನ್ನು ನಾನೂ ಕಂಡಿದ್ದೇನೆ. ಆದರೆ ಅಲ್ಲಿ ಹಣವಿತ್ತು, ಸುನಿಲ್ ಛೆಟ್ರಿ ಇದ್ದರು, ಗೆಲುವಿತ್ತು. ಇವು ಮೂರೂ ಇಲ್ಲದವರ ಗತಿಯೇನು ಎಂಬುದು ನನ್ನ ಪ್ರಶ್ನೆ.

ಇಂಗ್ಲೆಂಡಿನ ವಿಂಬಲ್ಡನ್ ತಂಡದ ಕಥೆ ಇಲ್ಲಿ ಹೇಳಬೇಕು. 2002ರಲ್ಲಿ ಅದರ ಮಾಲೀಕರು ತಂಡವನ್ನೇ ಕಿತ್ತು ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಒಯ್ಯಲು ಅನುಮತಿ ಪಡೆದರು. ಬೆಂಬಲಿಗರು ಅಳುತ್ತಾ ಕೂರಲಿಲ್ಲ. ಕೆಲವೇ ವಾರಗಳಲ್ಲಿ ತಾವೇ ಒಂದು ತಂಡ ಕಟ್ಟಿ, ಊರಿನ ಬಯಲಿನಲ್ಲಿ ಆಟಗಾರರನ್ನು ಆರಿಸಿ, ಒಂಬತ್ತನೇ ದರ್ಜೆಯ ಲೀಗಿನಿಂದ ಆರಂಭಿಸಿದರು. ಹೆಸರಾಂತ ಆಟಗಾರ ಒಬ್ಬನೂ ಇರಲಿಲ್ಲ. ಆದರೂ ಮೊದಲ ಋತುವಿನಲ್ಲೇ ಪಂದ್ಯಕ್ಕೆ ಸರಾಸರಿ ಮೂರು ಸಾವಿರ ಮಂದಿ ಬಂದರು. 2011ರ ವೇಳೆಗೆ ಅವರು ವೃತ್ತಿಪರ ಲೀಗಿಗೆ ಏರಿದ್ದರು, 2020ರಲ್ಲಿ ತಮ್ಮ ಹಳೆಯ ಬೀದಿಯಾದ ಪ್ಲೋ ಲೇನ್‌ಗೆ ಸ್ವಂತ ಕ್ರೀಡಾಂಗಣ ಕಟ್ಟಿಕೊಂಡು ಮರಳಿದರು. ಜನ ಬಂದದ್ದು ತಂಡ ತಮ್ಮದೆಂಬ ಕಾರಣಕ್ಕೆ. ನಮ್ಮಲ್ಲಿ ಹಾಗೆ ಅನ್ನಿಸಲು ಏನು ಮಾಡಿದ್ದಾರೆ?

ನಾನು ಹೋದ ಪಂದ್ಯವನ್ನೇ ನೋಡಿ. ಕೆಲಸದ ದಿನ, ಮಧ್ಯಾಹ್ನ ಮೂರೂವರೆ. ಶಾಲಾ ಮಕ್ಕಳು ತರಗತಿಯಲ್ಲಿ, ದುಡಿಯುವವರು ಕೆಲಸದಲ್ಲಿ. ಸುತ್ತಲಿನ ಬೀದಿಗಳಲ್ಲಿ ಒಂದು ಭಿತ್ತಿಪತ್ರವಿಲ್ಲ. ಧ್ವನಿವರ್ಧಕದಲ್ಲಿ ಕನ್ನಡವೂ ಇಲ್ಲ, ಆ ಬಡಾವಣೆಯ ಮನೆಮಾತಾದ ತಮಿಳು, ಉರ್ದುಗಳೂ ಇಲ್ಲ. ಮುಂದಿನ ಪಂದ್ಯ ಯಾವಾಗ ಎಂದು ಮೊಮ್ಮಗ ಕೇಳಿದರೆ ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನು ಬಿಟ್ಟಿ ಪ್ರವೇಶವನ್ನು ಅವರು ಉಪಕಾರವೆಂದು ಭಾವಿಸಿದಂತಿದೆ. ಮಕ್ಕಳಿಗೆ ಬಿಟ್ಟಿ ಇರಲಿ. ದೊಡ್ಡವರಿಂದ ಇಪ್ಪತ್ತು ರೂಪಾಯಿಯಾದರೂ ತೆಗೆದುಕೊಳ್ಳಿ. ಕಾಸು ಕೊಟ್ಟವನು ಬೈಯುತ್ತಾನೆ, ಬೈಯುವವನು ಮತ್ತೆ ಬರುತ್ತಾನೆ.

ಆಟಗಾರರು ವಾರಕ್ಕೊಮ್ಮೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಒಂದು ಗಂಟೆ ಮಕ್ಕಳೊಂದಿಗೆ ಆಡಲಿ. ಅದಕ್ಕೆ ಬೇಕಾದದ್ದು ಎರಡು ಚೆಂಡು. ತನಗೆ ಚೆಂಡು ಒದೆಯಲು ಹೇಳಿಕೊಟ್ಟ ಅಣ್ಣನ ಆಟ ನೋಡಲು ಆ ಹುಡುಗ ಅಪ್ಪನನ್ನು ಎಳೆದುಕೊಂಡೇ ಬರುತ್ತಾನೆ.

ಶಾಲೆಯ ಮಾತು ಬಂದಾಗ ನನ್ನ ತಪ್ಪನ್ನೂ ಹೇಳಿಬಿಡಬೇಕು. ಡಿಸೆಂಬರ್ ಬಂತೆಂದರೆ ಪಿ.ಟಿ. ಮೇಷ್ಟ್ರ ಪೀರಿಯಡ್ಡನ್ನು ಕೇಳಿ ಪಡೆದು ಪೋರ್ಷನ್ ಮುಗಿಸಿದವನು ನಾನು. ಅವರು ಪಾಪ, ಇಲ್ಲವೆನ್ನುತ್ತಿರಲಿಲ್ಲ. ಹತ್ತನೇ ತರಗತಿಯ ನೀವು ಕಿಟಕಿಯಿಂದ ಮೈದಾನವನ್ನು ನೋಡುತ್ತಾ ಕುಳಿತಿದ್ದು ನನಗೆ ನೆನಪಿದೆ. ಆಟವೆಂದರೆ ಕಾಲಹರಣವೆಂದು ನಿಮಗೆ ಕಲಿಸಿದವರಲ್ಲಿ ನಾನೂ ಒಬ್ಬ.

ಆದರೆ ನೀವು ಈಗ ಮಕ್ಕಳಲ್ಲವಲ್ಲ! ಮಧ್ಯರಾತ್ರಿ ಎದ್ದು ಮ್ಯಾಂಚೆಸ್ಟರ್ ತಂಡದ ಆಟ ನೋಡುವವರು, ಬಾರ್ಸಿಲೋನಾದ ಅಂಗಿ ತೊಟ್ಟು ಫೋಟೋ ಕಳಿಸುವವರು ನಿಮ್ಮಲ್ಲೇ ಇದ್ದೀರಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ನಿಮ್ಮಲ್ಲಿ ಒಬ್ಬರೂ ನನಗೆ ಫೋನ್ ಮಾಡಲಿಲ್ಲ.

ಆ ತಂಡದವರಿಗೆ ಇವೆಲ್ಲವನ್ನೂ ಎರಡು ಪುಟದ ಪತ್ರವಾಗಿ ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಪಂದ್ಯಗಳ ದಿನಾಂಕಗಳನ್ನು ಮಾತ್ರ ಹುಡುಗನ ತಂದೆಯಿಂದ ಬರೆಸಿಕೊಂಡಿದ್ದೇನೆ. ಮುಂದಿನದು ಭಾನುವಾರವಂತೆ. ಬರುವವರು ಹಿಂದಿನ ಸಂಜೆ ನನಗೆ ಫೋನ್ ಮಾಡಿ, ಮಕ್ಕಳನ್ನು ಕರೆತನ್ನಿ. ಕಡಲೆಕಾಯಿಯ ಖರ್ಚು ನನ್ನದು.