ಹಳೆಯ ಗಣಕಯಂತ್ರಕ್ಕೆ ಬದಲಿ: ಅಗ್ಗವೆಂದರೆ ಯಾವುದು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದಿನಿಂದ ಇಲ್ಲಿ ಮುಂಬಯಿಯಲ್ಲಿ ನಾಲ್ಕು ಮಂದಿ ಕನ್ನಡಿಗರು ಸೇರಿದ ಕಡೆ, ಸಾಹಿತ್ಯದ ಮಾತು ಮುಗಿದು ಚಹಾ ಬರುವ ಹೊತ್ತಿಗೆ, ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಮನೆಯ ಹಳೆಯ ಡೆಸ್ಕ್‌ಟಾಪನ್ನು ಬದಲಿಸಬೇಕೆ, ಬದಲಿಸುವುದಾದರೆ ಕಡಿಮೆ ಖರ್ಚಿನಲ್ಲಿ ಯಾವುದನ್ನು ತರಬೇಕು? ಕೇಳುವವರಲ್ಲಿ ಹೆಚ್ಚಿನವರು ನನ್ನಂತೆ ತಿಂಗಳ ಸಂಬಳದವರು, ಇಲ್ಲವೇ ಪಿಂಚಣಿದಾರರು. ಅವರಲ್ಲಿ ಅರ್ಧದಷ್ಟು ಜನ ಏನನ್ನೂ ಕೊಳ್ಳಬೇಕಾಗಿಲ್ಲ. ಉಳಿದವರು ಹೊಸದನ್ನು ಕೊಳ್ಳಬೇಕಾಗಿಲ್ಲ. ಆದರೆ ಕನ್ನಡದಲ್ಲಿ ಬರೆಯುವ ಎಲ್ಲರೂ, ಕೊಳ್ಳಲಿ ಬಿಡಲಿ, ಮೊದಲು ಮಾಡಬೇಕಾದ ಕೆಲಸವೊಂದಿದೆ. ಅಂಗಡಿಗಳಲ್ಲಿ ಯಾರೂ ಅದನ್ನು ಹೇಳುವುದಿಲ್ಲ.

ಬೆಂಬಲ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಹೊಸದಾಗಿ ಕಂಡುಬರುವ ಭದ್ರತಾ ದೋಷಗಳಿಗೆ ತೇಪೆ ಬರುವುದು ನಿಲ್ಲುತ್ತದೆ, ಅಷ್ಟೆ. ಮನೆಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ವಿಸ್ತರಣೆಯನ್ನೂ ಸಂಸ್ಥೆಯೇ ಕೊಟ್ಟಿತು. ತೊಡಕಿರುವುದು ಮುಂದಿನ ಆವೃತ್ತಿಯ ಷರತ್ತುಗಳಲ್ಲಿ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಮತ್ತು ಇಂಟೆಲ್‌ನದಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅನಂತರದ ಸಂಸ್ಕಾರಕವನ್ನು. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೆ ಹಿಂದಿನವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಸರದಿಯ ಹೊರಗೆ. ನಮ್ಮ ಸೇವಾನಿಯಮದ ನಿವೃತ್ತಿಯೂ ಹೀಗೆಯೇ: ಅರುವತ್ತು ತುಂಬಿದ ತಿಂಗಳ ಕೊನೆಯ ದಿನ, ನೀವು ದಿನಕ್ಕೆ ಎಂಟು ಕಿಲೋಮೀಟರ್ ನಡೆಯುವವರಾದರೂ ಶಾಲು ಹೊದಿಸಿ ಮನೆಗೆ ಕಳುಹಿಸುತ್ತಾರೆ. ಅದನ್ನು ಯಾರೂ ವೈದ್ಯಕೀಯ ತೀರ್ಪೆಂದು ತಿಳಿಯುವುದಿಲ್ಲ. ಗಣಕಯಂತ್ರದ ವಿಷಯದಲ್ಲಿ ಮಾತ್ರ ತಿಳಿಯುತ್ತೇವೆ.

‘ಮೆಷಿನ್ ಮುದಿಯಾಗಿದೆ, ತೆರೆಯುವಷ್ಟರಲ್ಲಿ ಸ್ನಾನ ಮುಗಿಸಿ ಬರಬಹುದು’ ಎನ್ನುವವರ ಪೆಟ್ಟಿಗೆಯನ್ನು ಬಿಚ್ಚಿದರೆ ಬಹುತೇಕ ಕಾಣುವುದು ತಿರುಗುವ ಹಾರ್ಡ್ ಡಿಸ್ಕ್. ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ. ಬೇಕಾದ ಅಕ್ಷರ ಇರುವಲ್ಲಿಗೆ ಅದರ ಸೂಜಿತಲೆ ಓಡಾಡಬೇಕು. ಒಂದೇ ದೊಡ್ಡ ಕಡತವನ್ನು ಓದುವಾಗ ಈ ಓಡಾಟ ತಿಳಿಯದು. ಯಂತ್ರ ಎಚ್ಚರಗೊಳ್ಳುವಾಗ ಸಾವಿರಾರು ಚಿಕ್ಕ ಕಡತಗಳನ್ನು ಅಲ್ಲಲ್ಲಿಂದ ಹೆಕ್ಕಬೇಕಾಗುತ್ತದೆ. ನಾವು ಕಾಯುವುದು ಆ ಹೆಕ್ಕುವಿಕೆಗಾಗಿ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಹಳೆಯ ಡಿಸ್ಕಿನ ಜಾಗದಲ್ಲಿ 256 ಜಿಬಿಯ ಒಂದು ಎಸ್‌ಎಸ್‌ಡಿ ಕೂರಿಸಿ, ಮೆಮೊರಿ 4 ಜಿಬಿ ಇದ್ದರೆ 8 ಮಾಡಿದರೆ, 2013ರ ಯಂತ್ರವೂ ಬರವಣಿಗೆ, ಬ್ಯಾಂಕು, ಅಂತರ್ಜಾಲ, ಮಕ್ಕಳ ಪಾಠಗಳಿಗೆ ಒದಗಿಬರುತ್ತದೆ. 2025ರ ಕೊನೆಯಿಂದ ಮೆಮೊರಿಯ ಬೆಲೆ ಏರಿರುವುದು ನಿಜ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಕೊಳ್ಳುತ್ತಿರುವ ಭರಕ್ಕೆ ನಮ್ಮ ಪಾಲಿನದೂ ದುಬಾರಿಯಾಗಿದೆ. ಆದರೂ ಹೊಸ ಯಂತ್ರದ ಬೆಲೆಯ ಮುಂದೆ ಇದು ಸಣ್ಣ ಮೊತ್ತ.

ವಿಂಡೋಸ್ 11 ಒಪ್ಪದ ಇಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಳ್ಳುವುದು ಉಚಿತ. ‘ಅದರಲ್ಲಿ ಕನ್ನಡ ಬರುತ್ತದೆಯೇ’ ಎಂಬುದು ನ್ಯಾಯವಾದ ಸಂಶಯ. ಬರುತ್ತದೆ. ಕೆ. ಪಿ. ರಾವ್ ಅವರ ಚಿಂತನೆಯಿಂದ ಮೂಡಿದ, ನಾವು ನುಡಿ ತಂತ್ರಾಂಶದಲ್ಲಿ ಬೆರಳಿಗೆ ರೂಢಿಸಿಕೊಂಡ ಧ್ವನಿಮೂಲ ಕೀಲಿಮಣೆ ವಿನ್ಯಾಸವು ಲಿನಕ್ಸ್‌ನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿಯೇ ಸಿಗುತ್ತದೆ. ಲಿಬ್ರೆ ಆಫೀಸಿನಲ್ಲಿ ಪುಟಗಟ್ಟಲೆ ಬರೆಯಬಹುದು. ವಾರವೊಂದು ಕಸಿವಿಸಿಯಾದೀತು. ಮಾವಿನಕಾಯಿ ಹೆಚ್ಚುವ ಈಳಿಗೆಮಣೆ ಬದಲಾದರೂ ಅಷ್ಟು ಕಸಿವಿಸಿ ಇದ್ದೇ ಇರುತ್ತದೆ.

ಮದರ್‌ಬೋರ್ಡೇ ಹೋಗಿದ್ದರೆ ಮಾತು ಬೇರೆ. ಮುಂಬಯಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಗೆ ಸಿಕ್ಕಿದ ಯಂತ್ರಗಳಲ್ಲಿ ಇದು ಅಪರೂಪವಲ್ಲ. ಹತ್ತು ವರ್ಷ ಹಳೆಯ ಬೋರ್ಡನ್ನು ದುರಸ್ತಿ ಮಾಡಿಸುವುದು ದುಡ್ಡು ಕಳೆಯುವ ದಾರಿ. ಆಗ ಹೋಗಬೇಕಾದದ್ದು ಲ್ಯಾಮಿಂಗ್ಟನ್ ರಸ್ತೆಗೆ. ದೆಹಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಊರಿಗೆ ಹೋಗಿ ಬರುವವರಿಗೆ ಬೆಂಗಳೂರಿನ ಎಸ್‌ಪಿ ರಸ್ತೆ. ಕಚೇರಿಗಳು ಮೂರು-ನಾಲ್ಕು-ಐದು ವರ್ಷ ಬಳಸಿ ಒಟ್ಟಾಗಿ ವಿಲೇವಾರಿ ಮಾಡಿದ ಡೆಸ್ಕ್‌ಟಾಪುಗಳು ಇಲ್ಲಿ ಒರೆಸಿ, ತೊಳೆದು, ಸಾಲಾಗಿ ಕುಳಿತಿರುತ್ತವೆ. ದಿನವಿಡೀ ಹವಾನಿಯಂತ್ರಿತ ಕೋಣೆಯಲ್ಲಿದ್ದು ಪತ್ರ ಬೆರಳಚ್ಚಿಸಿದ್ದೇ ಇವುಗಳಲ್ಲಿ ಎಷ್ಟೋ ಯಂತ್ರಗಳ ಆಯುಷ್ಯದ ದುಡಿಮೆ. ಎಂಟನೆಯ ಪೀಳಿಗೆಯ ಐ5, 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ ಇರುವುದಕ್ಕೆ ನಾನು ವಿಚಾರಿಸಿದ ಅಂಗಡಿಗಳಲ್ಲಿ 15 ಸಾವಿರದಿಂದ 20 ಸಾವಿರ ರೂಪಾಯಿ ಹೇಳಿದರು. ಇದೇ ಕೆಲಸ ಮಾಡುವ ಹೊಸ ಬ್ರ್ಯಾಂಡೆಡ್ ಪೆಟ್ಟಿಗೆಗೆ ಅದರ ಎರಡರಷ್ಟಾದರೂ ಬೀಳುತ್ತದೆ.

ಇಲ್ಲಿ ಕಣ್ಣು ತೆರೆದಿರಬೇಕಾದ ಜಾಗ ಒಂದಿದೆ. ಅಂಗಡಿಯವನು ‘ಐ7 ಇದೆ ಸಾಹೇಬರೇ, ಐ5ಕ್ಕಿಂತ ಮೇಲೆ’ ಎಂದು ಕೂಗುತ್ತಾನೆ. ಐ3, ಐ5, ಐ7 ಎಂಬುವು ಆಯಾ ಪೀಳಿಗೆಯೊಳಗಿನ ಅಂತಸ್ತುಗಳು. ಪೀಳಿಗೆಯನ್ನು ಹೇಳುವುದು ಅವುಗಳ ನಂತರ ಬರುವ ಸಂಖ್ಯೆ. ಐ7-2600 ಎಂದರೆ ಎರಡನೆಯ ಪೀಳಿಗೆ, 2011ರದು. ಐ3-8100 ಎಂದರೆ ಎಂಟನೆಯದು. ನಾಮಫಲಕದಲ್ಲಿ ಐ3 ಎಂದಿದ್ದರೂ ಹಿಂದಿನ ಪೀಳಿಗೆಯ ಐ5ಗಳಂತೆ ಅದಕ್ಕೂ ನಾಲ್ಕು ಕೋರ್‌ಗಳಿವೆ, ವಿಂಡೋಸ್ 11ಕ್ಕೂ ಅದು ಅರ್ಹ. ಇನ್ನೊಂದು ಹೋಲಿಕೆ ನೋಡಿ. 2023ರ ಆರಂಭದಲ್ಲಿ ಬಂದ ಇಂಟೆಲ್ ಎನ್100 ಎಂಬ ಪುಟ್ಟ ಸಂಸ್ಕಾರಕ ಕೈಯಗಲದ ಮಿನಿ ಪಿಸಿಗಳಲ್ಲಿ ಇರುತ್ತದೆ. ಅದರ ವಿದ್ಯುತ್ ಮಾನ 6 ವ್ಯಾಟ್, ಐ7-2600ರದು 95. ಮನೆಯ ಕೆಲಸದಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ‘ಐ7’ ಎಂಬ ಎರಡಕ್ಷರಕ್ಕೆ ಮರುಳಾದವರು ವಿದ್ಯುತ್ ಬಿಲ್ಲಿನಲ್ಲಿ ಅದರ ಕಾಣಿಕೆಯನ್ನು ಪ್ರತಿ ತಿಂಗಳೂ ಸಲ್ಲಿಸುತ್ತಾರೆ.

ಹಳೆಯದನ್ನು ಕೊಳ್ಳುವಾಗ ಮೂರು ಮಾತು ಕೇಳಿದರೆ ಸಾಕು. ವಿಂಡೋಸ್ ಅಧಿಕೃತವೇ ಅಥವಾ ಅಂಗಡಿಯವನೇ ಎಲ್ಲಿಂದಲೋ ತಂದು ಹಾಕಿದ್ದೇ? ಬಿಲ್ಲು ಕೊಡುತ್ತಾನೆಯೇ, ಅದರ ಮೇಲೆ ವಾರಂಟಿಯ ಅವಧಿ ಬರೆಯುತ್ತಾನೆಯೇ? ವೈಫೈ ಇದೆಯೇ? ಕಚೇರಿಯ ಯಂತ್ರಗಳಿಗೆ ತಂತಿಯ ಸಂಪರ್ಕ ಇದ್ದುದರಿಂದ ಅನೇಕದರಲ್ಲಿ ವೈಫೈ ಇರುವುದಿಲ್ಲ. ಮನೆಗೆ ತಂದ ಮೇಲೆ ಗೊತ್ತಾಗುವ ವಿಷಯವಿದು.

ಲ್ಯಾಪ್‌ಟಾಪೇ ಏಕಾಗಬಾರದು ಎಂದು ಕೇಳುವವರಿದ್ದಾರೆ. ಕಾಲೇಜಿಗೆ ಹೊತ್ತುಕೊಂಡು ಹೋಗುವ ಮಗ-ಮಗಳಿಗೆ ಅದೇ ಆಗಬೇಕು. ಮನೆಗೆಂದಾದರೆ ನಾನು ಡೆಸ್ಕ್‌ಟಾಪಿನ ಪಕ್ಷ. ಕೀಲಿಮಣೆಯ ಒಂದು ಗುಂಡಿ ಹೋದರೆ ಹೊಸ ಕೀಲಿಮಣೆ ಕೆಲವು ನೂರು ರೂಪಾಯಿಗೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಅದೇ ಗುಂಡಿಗೆ ಇಡೀ ದೇಹವನ್ನು ಬಿಚ್ಚಬೇಕು. ಪರದೆಯನ್ನು ಕಣ್ಣಿನ ಎತ್ತರಕ್ಕೆ ಇಡಬಹುದು, ನಲವತ್ತು ದಾಟಿದ ನಮ್ಮ ಕತ್ತಿಗೆ ಅದು ಸಣ್ಣ ಉಪಕಾರವಲ್ಲ. ಆಂಟಾಪ್ ಹಿಲ್‌ನಂಥ ಸರಕಾರಿ ವಸತಿಯ ಎರಡು ಕೋಣೆಯ ಮನೆಯಲ್ಲಿ ಮೇಜಿನ ಜಾಗಕ್ಕೆ ಬರವೆಂಬುದು ದಿಟ. ಅಲ್ಲಿ ಪುಸ್ತಕದ ಗಾತ್ರದ ಮಿನಿ ಪಿಸಿಯನ್ನು ಪರದೆಯ ಬೆನ್ನಿಗೇ ತೂಗುಹಾಕಬಹುದು. ಮೊಬೈಲಿನಲ್ಲಿಯೇ ಎಲ್ಲವೂ ಆಗುತ್ತದೆ ಎನ್ನುವವರು ಅದರಲ್ಲಿ ಮೂವತ್ತು ಪುಟದ ಕರಡು ತಿದ್ದಿ ತೋರಿಸಬೇಕು.

ನನ್ನ ಸಹೋದ್ಯೋಗಿ ಓದುಗರಿಗೆ ಒಂದು ಮಾತು. ಕೇಂದ್ರ ಸರಕಾರಿ ನೌಕರರಿಗೆ ಗಣಕಯಂತ್ರ ಮುಂಗಡ ಇನ್ನೂ ಇದೆ. ಏಳನೆಯ ವೇತನ ಆಯೋಗ ಹಲವು ಮುಂಗಡಗಳನ್ನು ತೆಗೆದುಹಾಕಿದಾಗಲೂ ಇದು ಉಳಿಯಿತು. ಮಿತಿ 50 ಸಾವಿರ ರೂಪಾಯಿ ಅಥವಾ ಯಂತ್ರದ ನಿಜಬೆಲೆ, ಯಾವುದು ಕಡಿಮೆಯೋ ಅದು. ಸೇವಾವಧಿಯಲ್ಲಿ ಐದು ಬಾರಿ ಪಡೆಯಬಹುದು. ಒಳ್ಳೆಯ ಸೌಲಭ್ಯ. ಆದರೆ ‘ಕಡಿಮೆಯೋ ಅದು’ ಎಂಬುದನ್ನು ಯಾರೂ ಓದುವುದಿಲ್ಲ. 50 ಸಾವಿರ ಸಿಗುತ್ತದೆಯೆಂದು 49,990ರ ಯಂತ್ರವನ್ನೇ ಆರಿಸುವುದು, ಬಡ್ಡಿಸಹಿತ ತಿಂಗಳು ತಿಂಗಳು ಕಡಿತ ಮಾಡಿಸಿಕೊಳ್ಳುವುದು. ಅಗತ್ಯವನ್ನು ಮಂಜೂರಾತಿಯಿಂದ ಅಳೆಯುವ ಈ ಅಭ್ಯಾಸ ಕಚೇರಿಯಿಂದ ಮನೆಗೆ ಬಂದದ್ದು.

ಇನ್ನು ಮೊದಲೇ ಸೂಚಿಸಿದ ಆ ಕೆಲಸ.

ಹೊರನಾಡಿನ ಕನ್ನಡ ಬಳಗಗಳಲ್ಲಿ 1990ರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಕಾಲ ಬರೆದದ್ದೆಲ್ಲ ಬರಹ ಅಥವಾ ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿದೆ. ನೆನಪಿನ ಸಂಚಿಕೆಗಳು, ಉಪನ್ಯಾಸಗಳ ಬರಹರೂಪ, ತೀರಿಕೊಂಡ ಹಿರಿಯರ ಅಪ್ರಕಟಿತ ಲೇಖನಗಳು. ಆ ಕಡತಗಳೊಳಗೆ ಕನ್ನಡ ಅಕ್ಷರ ಇಲ್ಲ ಎಂದರೆ ಹಲವರು ನಂಬುವುದಿಲ್ಲ. ಅಲ್ಲಿರುವುದು ರೋಮನ್ ಲಿಪಿಯ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ್ದು ಆ ಅಕ್ಷರಶೈಲಿ. ಅದಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಕಾಣುವುದು ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಅರ್ಥಹೀನ ರೋಮನ್ ಅಕ್ಷರಗಳ ಸಂತೆ. ಯುನಿಕೋಡಿನಲ್ಲಿ ಹಾಗಲ್ಲ, ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ.

ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಆದರೆ ಕುರುಡಾಗಿ ನಂಬುವಂತಿಲ್ಲ. ‘ಧರ್ಮ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿಯ ಹಳೆಯ ಕಡತದಲ್ಲಿ ಇದು ದಕಾರದ ಆಕಾರ, ಮಹಾಪ್ರಾಣದ ಸೀಳು, ತಲೆಕಟ್ಟು, ಆಮೇಲೆ ವಕಾರ, ಅದಕ್ಕೊಂದು ತಲೆಕಟ್ಟು, ಕೊಂಬು ಸೇರಿ ಮಕಾರ, ಎಲ್ಲಕ್ಕೂ ಕೊನೆಯಲ್ಲಿ ಅರ್ಕಾವೊತ್ತು ಎಂದು ಬಿಡಿಬಿಡಿಯಾಗಿ ಇರುತ್ತದೆ. ಯುನಿಕೋಡಿಗೆ ಬೇಕಾದದ್ದು ನಾವು ಉಚ್ಚರಿಸುವ ಕ್ರಮ: ಮೊದಲು ರಕಾರ, ಆಮೇಲೆ ಮಕಾರ. ಪರಿವರ್ತಕವು ಸೀಳನ್ನು ಬಿಟ್ಟರೆ ‘ದರ್ಮ’ವಾಗುತ್ತದೆ, ಕೊನೆಯ ರಕಾರವನ್ನು ಹಿಂದಕ್ಕೆ ತರಲು ಮರೆತರೆ ಪದವೇ ಕೆಡುತ್ತದೆ. ಆದುದರಿಂದ ಪ್ರತಿ ಪುಟವನ್ನೂ ಮೂಲದೊಂದಿಗೆ ಇಟ್ಟು ಓದಿ ತಿದ್ದುವ ಮನುಷ್ಯ ಬೇಕು, ಮೂಲ ಸರಿಯಾಗಿ ಕಾಣುವ ಹಳೆಯ ಯಂತ್ರವೂ ಬೇಕು. ಪೇಜ್‌ಮೇಕರ್‌ನಲ್ಲಿ ಜೋಡಿಸಿದ ಸಂಚಿಕೆಗಳ ಗತಿ ಇನ್ನೂ ಕಷ್ಟದ್ದು. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಹೊಸ ಯಂತ್ರದಲ್ಲಿ ಅದನ್ನು ನಡೆಸುವುದು ಹರಸಾಹಸ. ಹಳೆಯದರಲ್ಲಿಯೇ ತೆರೆದು, ಪಠ್ಯವನ್ನು ಬೇರೆ ತೆಗೆದು, ಪುಟಗಳನ್ನು ಪಿಡಿಎಫ್ ಮಾಡಿಕೊಳ್ಳಬೇಕು.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಅತ್ತಿಮಬ್ಬೆಯನ್ನು ನಾವು ವೇದಿಕೆಗಳಲ್ಲಿ ಕೊಂಡಾಡುತ್ತೇವೆ. ನಮ್ಮದೇ ಬಳಗದ ಬರಹಗಳ ಎರಡನೆಯ ಪ್ರತಿ ಎಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ. ಒಬ್ಬರ ಮನೆಯ ಒಂದು ಡಿಸ್ಕಿನಲ್ಲಿದೆ. ಆ ಮನೆಯವರು ಈ ದೀಪಾವಳಿಗೆ ಯಂತ್ರ ಬದಲಿಸುವ ಯೋಚನೆಯಲ್ಲಿದ್ದಾರೆ.

ಆದುದರಿಂದ ನನ್ನ ಕೋರಿಕೆ ಇಷ್ಟು. ಹೊಸದನ್ನೋ ಹಳೆಯದನ್ನೋ ತನ್ನಿ. ಮನೆಯಲ್ಲಿರುವ ಪೆಟ್ಟಿಗೆಯನ್ನು ವಿನಿಮಯದ ಐನೂರು ರೂಪಾಯಿಯ ಆಸೆಗೆ ಅಂಗಡಿಯಲ್ಲಿ ಬಿಟ್ಟುಬರಬೇಡಿ, ಭಂಗಾರ್‌ವಾಲಾನಿಗೂ ಕೊಡಬೇಡಿ. ಒಳಗಿನ ಡಿಸ್ಕನ್ನು ಬಿಚ್ಚಿ ತೆಗೆಯುವುದು ನಾಲ್ಕು ತಿರುಪಿನ ಕೆಲಸ. ನಿಮ್ಮ ಪ್ಯಾನ್, ಆಧಾರ್, ಸೇವಾಪುಸ್ತಕದ ಪ್ರತಿಗಳೂ ಅದರಲ್ಲಿಯೇ ಇರುತ್ತವೆ ಎಂಬುದು ಇನ್ನೊಂದು ಕಾರಣ. ಉಳಿದ ಲೋಹ-ಪ್ಲಾಸ್ಟಿಕ್ಕನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕೊಡಬಹುದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ತಯಾರಕರ ಮೇಲೆಯೂ ಈ ಹೊಣೆ ಹೊರಿಸಿವೆ. ಡಿಸ್ಕಿನಲ್ಲಿ ಬಳಗದ ಕಡತಗಳಿದ್ದರೆ, ಅದು ಎಷ್ಟೇ ಹಳೆಯದಿರಲಿ, ಮುಂದಿನ ತಿಂಗಳ ಸಭೆಗೆ ತನ್ನಿ. ವಿಂಡೋಸ್ ಎಕ್ಸ್‌ಪಿ ಇರುವ, ಪೇಜ್‌ಮೇಕರ್ ತೆರೆಯುವ ಯಂತ್ರವೊಂದನ್ನು ನಾನು ಎಸೆಯದೆ ಇಟ್ಟುಕೊಂಡಿದ್ದೇನೆ. ಕರಡು ತಿದ್ದಲು ಇಬ್ಬರು ಒಪ್ಪಿದ್ದಾರೆ, ಇನ್ನೂ ಮೂವರು ಬೇಕು.