ಭತ್ಯೆ, ತರಬೇತಿ ಮತ್ತು ಕಾಯಕದ ವಿವೇಕ



ಆಯ್ದಕ್ಕಿ ಮಾರಯ್ಯನವರ ಪ್ರಸಂಗ ತಮಗೆಲ್ಲ ತಿಳಿದುದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮನವರು ಒಪ್ಪಲಿಲ್ಲ. ಮರಳಿ ಸುರಿದು ಬರುವಂತೆ ಕಳುಹಿದರು. ಅಗತ್ಯಕ್ಕೆ ಮೀರಿದುದು ತಮ್ಮದಲ್ಲವೆಂಬುದು ಆ ಮಹಾತಾಯಿಯ ನಿಲುವು.

ಈ ಪ್ರಸಂಗವನ್ನು ನೆನೆಯಲು ಕಾರಣ ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಈ ಯೋಜನೆಯಲ್ಲಿ, ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ಭತ್ಯೆಯನ್ನು ಗರಿಷ್ಠ 2 ವರ್ಷ ನೀಡಲಾಗುತ್ತದೆ. ತಾನು ನಿರುದ್ಯೋಗಿಯೆಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಸಲ್ಲಿಸದಿದ್ದರೆ ಹಣ ನಿಲ್ಲುತ್ತದೆ. ಕೌಶಲ ತರಬೇತಿಗೆ ಹೋಗದವರ ಭತ್ಯೆಯನ್ನೂ ನಿಲ್ಲಿಸುವುದು ನ್ಯಾಯವೇ ಎಂಬುದು ಇಲ್ಲಿ ವಿಚಾರಣೀಯ.

ಕಲಿಯುವ ಅವಕಾಶವಿದ್ದೂ ಆಲಸ್ಯದಿಂದ ತಪ್ಪಿಸಿಕೊಂಡು ಪಡೆಯುವ ಹಣ, ಲಕ್ಕಮ್ಮನವರು ಮರಳಿಸಿದ ಅಕ್ಕಿಯಂತೆಯೇ. ಭತ್ಯೆಯು ಕಾಯಕಕ್ಕೆ ಏರುವ ಮೆಟ್ಟಿಲಾಗಬೇಕೇ ಹೊರತು ಕಾಯಕಕ್ಕೆ ಬದಲಾಗಬಾರದು. ನಮ್ಮ ಯುವಕರು ಇದನ್ನು ಮನಗಾಣಬೇಕು.

ಆದರೆ ಗೈರುಹಾಜರಿಯೆಲ್ಲ ಆಲಸ್ಯವಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಿಗೆ ರೈಲುಂಟು, ಚಿಂಚೋಳಿಗೆ ಇಲ್ಲ. ಚಿಂಚೋಳಿ ಸೀಮೆಯ ತಾಂಡಾದ ಹೆಣ್ಣುಮಗಳು ಕಲಬುರಗಿಯ ತರಬೇತಿಗೆ ನಿತ್ಯ ಬರಬೇಕೆಂದರೆ, ಶಕ್ತಿ ಯೋಜನೆಯಿಂದ ಬಸ್ಸಿನ ಹಣ ಉಳಿದರೂ ದಿನವೆಲ್ಲ ದಾರಿಯಲ್ಲೇ ಕಳೆಯುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಮನೆಗೆ ಆಕೆಯ ಕೈಯೂ ಬೇಕು. ತಾಯಿ ಆಸ್ಪತ್ರೆಯಲ್ಲಿದ್ದರಂತೂ ಹೇಳುವುದೇ ಬೇಡ. ಇಂಥವಳ ಭತ್ಯೆಯನ್ನು ವಿಚಾರಿಸದೆ ಕಡಿತಗೊಳಿಸಿದರೆ ಅದು ಶಿಸ್ತಲ್ಲ, ಅವಿವೇಕ.

ಬ್ರಿಟನ್ನಿನಲ್ಲಿ 1996ರಲ್ಲಿ ಬಂದ ನಿರುದ್ಯೋಗ ಭತ್ಯೆಯ ನಿಯಮದಲ್ಲಿಯೂ ನಿಗದಿಯಾದ ತರಬೇತಿ ತಪ್ಪಿಸಿದವರ ಹಣ ತಡೆಯಲು ಅವಕಾಶವಿತ್ತು. ಆದರೆ ಸಕಾರಣವಿದ್ದರೆ ವಿನಾಯಿತಿಯಿತ್ತು. ಆದೇಶದ ವಿರುದ್ಧ ಮೇಲ್ಮನವಿಯ ಹಕ್ಕೂ ಇತ್ತು. ದಂಡಿಸುವ ಕೈಗೆ ಕೇಳುವ ಕಿವಿಯೂ ಬೇಕೆಂಬುದು ಇದರ ಸಾರ.

2023ರಲ್ಲಿ ರಾಜ್ಯದ ಕೌಶಲಾಭಿವೃದ್ಧಿ ಖಾತೆಯನ್ನು ವಹಿಸಿಕೊಂಡವರು ಸೇಡಂ ಕ್ಷೇತ್ರದ ಶಾಸಕರಾದ ಡಾ. ಶರಣಪ್ರಕಾಶ ಪಾಟೀಲರು. ಹೀಗಾಗಿ ಈ ಭಾಗದವರ ನಿರೀಕ್ಷೆ ತುಸು ಹೆಚ್ಚೇ. ತರಬೇತಿ ತಾಲ್ಲೂಕಿನಲ್ಲಿಯೇ ದೊರೆಯಲಿ. ನಮ್ಮ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯಬಲ್ಲ ವಿದ್ಯೆಯನ್ನು ಕಲಿಸಲಿ. ಹಣ ನಿಲ್ಲಿಸುವ ಮುನ್ನ ಕಾರಣ ಕೇಳಲಿ. ಇಷ್ಟಾದ ಮೇಲೆಯೂ ಬಾರದವರಿಗೆ ಭತ್ಯೆ ನಿಂತರೆ ಯಾರೂ ಆಕ್ಷೇಪಿಸಲಾರರು.

ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಮರಳಿಸಿದರು, ನಿತ್ಯದ ಅಕ್ಕಿಯನ್ನಲ್ಲ. ಆ ವ್ಯತ್ಯಾಸವನ್ನು ಆಳುವವರೂ ಪಡೆಯುವವರೂ ಅರಿಯಲಿ.