ಗದ್ದಲ ಯಾವುದು, ಹಾಡು ಯಾವುದು?

ನಮ್ಮ ದೊಡ್ಡಮ್ಮ ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ನಾಲ್ಕು ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಗೆಳೆಯರಿಗೆ ಕೇಳಿಸುವ ಮೊದಲು ಅವನ್ನು ‘ಸ್ಟುಡಿಯೋ ಮಟ್ಟ’ಕ್ಕೆ ತರಬೇಕೆಂಬ ಹಟ ಹಿಡಿಯಿತು. ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆದೆ. ಕಲ್ಲಿನ ಗರಗರ ಹೋಯಿತು. ಸಾಲಿನ ಕೊನೆಗೆ ಆಕೆ ಎಳೆದುಕೊಳ್ಳುತ್ತಿದ್ದ ಉಸಿರೂ ಹೋಯಿತು. ಉಳಿದದ್ದು ನೀರಿನೊಳಗಿಂದ ಬಂದಂಥ ದನಿ. ಮೂಲ ಫೈಲಿನ ಮೇಲೆಯೇ ಅದನ್ನು ಸೇವ್ ಮಾಡಿಬಿಟ್ಟಿದ್ದೆ. ದೊಡ್ಡಮ್ಮ ಈಗಿಲ್ಲ.

ಹಾಗಾಗಿ ಈ ಮಾತನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ, ಮೊದಲ ಸಿಟ್ಟು ನನ್ನ ಮೇಲೆ. ಗುಣಮಟ್ಟವೆಂದರೆ ಹಾಡಿ ಮುಗಿದ ಮೇಲೆ ಬಳಿಯುವ ಸುಣ್ಣಬಣ್ಣ ಎಂದು ನಾವು ನಂಬಿಬಿಟ್ಟಿದ್ದೇವೆ. ಗದ್ದಲ ತೆಗೆಯುವ ಸಾಫ್ಟ್‌ವೇರು ನಾವು ತೋರಿಸಿದ ತುಣುಕನ್ನು ನೋಡಿ, ಅದರಲ್ಲಿರುವ ಕಂಪನಾಂಕಗಳನ್ನು ಇಡೀ ಹಾಡಿನುದ್ದಕ್ಕೂ ತಗ್ಗಿಸುತ್ತದೆ. ಅವೇ ಕಂಪನಾಂಕಗಳಲ್ಲಿ ದನಿಯೂ ಇರುತ್ತದೆ. ಬೀಸುವ ಪದಕ್ಕೆ ಕಲ್ಲೇ ತಾಳ ಎಂಬುದು ಅದಕ್ಕೇನು ಗೊತ್ತು? ಗೊತ್ತಿರಬೇಕಾದದ್ದು ನನಗೆ.

1997ರಲ್ಲಿ ಬಂದ ಆಟೋ-ಟ್ಯೂನ್‌ನ ಕತೆಯೂ ಇದೇ. ಕಣ್ಣು ಮುಚ್ಚಿ ಹಾಕಿದರೆ ಅದು ದನಿಯನ್ನು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ನಮ್ಮ ಗಮಕ ಬದುಕುವುದೇ ಎರಡು ಸ್ವರಗಳ ನಡುವೆ. ಅದನ್ನು ತಪ್ಪೆಂದು ತಿದ್ದುವುದನ್ನು ‘ಪ್ರೊಫೆಷನಲ್’ ಎಂದು ಕರೆಯುವುದು ಯಾವ ನ್ಯಾಯ? ಇನ್ನು ಸದ್ದನ್ನು ಹಿಗ್ಗಾಮುಗ್ಗಾ ಏರಿಸುವವರಿಗೆ ಒಂದು ಮಾತು: ಸ್ಪಾಟಿಫೈ, ಯೂಟ್ಯೂಬ್‌ನಂಥ ತಾಣಗಳು ಅತಿ ಜೋರಿನ ಹಾಡನ್ನು ತಾವೇ ಇಳಿಸಿ ಕೇಳಿಸುತ್ತವೆ. ಏರಿಸಿದ್ದು ವ್ಯರ್ಥ, ಜಜ್ಜಿದ್ದು ಮಾತ್ರ ಶಾಶ್ವತ.

‘ಹಾಗಾದರೆ ಫ್ಯಾನಿನ ಸದ್ದನ್ನೂ ಸಂಸ್ಕೃತಿ ಎಂದು ಸಹಿಸಬೇಕೇ?’ ಎಂದು ಕೇಳುತ್ತೀರಿ. ಖಂಡಿತ ಬೇಡ. ಫ್ಯಾನ್ ನಿಲ್ಲಿಸಿ. ಅದಕ್ಕೆ ಸಾಫ್ಟ್‌ವೇರ್ ಯಾಕೆ, ಸ್ವಿಚ್ಚಿದೆ. ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸಿದರೆ ಹಾಡುವವರ ಹಿಂದೆ ಎರಡು ದಪ್ಪ ಕೌದಿ ನೇತುಹಾಕಿ. ಮೈಕನ್ನು ಒಂದು ಗೇಣಿಗೆ ತನ್ನಿ, ಬಾಯಿಗೆ ನೇರ ಹಿಡಿಯದೆ ತುಸು ಓರೆಯಾಗಿಡಿ. ದೂರ ಅರ್ಧಕ್ಕಿಳಿದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಮಾರ್ದನಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಅತಿ ಜೋರಿನ ಸಾಲು ಕೂಡ ಮೀಟರಿನಲ್ಲಿ ಸೊನ್ನೆಗಿಂತ ಹತ್ತು ಡೆಸಿಬೆಲ್ ಕೆಳಗೇ ನಿಲ್ಲಲಿ. ಸೊನ್ನೆ ದಾಟಿ ಒಡೆದ ದನಿಯನ್ನು ಮೊದಲಿನಂತೆ ಮಾಡುವುದು ಯಾರ ಕೈಲೂ ಆಗದು. ಮೂಲ ಫೈಲನ್ನು ಮಾತ್ರ ಮುಟ್ಟಬೇಡಿ. ತಿದ್ದುವುದಿದ್ದರೆ ಪ್ರತಿಯಲ್ಲಿ ತಿದ್ದಿ.

1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮಾಫೋನಿಗೆ ಹಾಡಿದಾಗ ವಿದ್ಯುತ್ ಮೈಕೇ ಇರಲಿಲ್ಲ. ತಗಡಿನ ಕೊಳವೆಯ ಮುಂದೆ ಎಲ್ಲಿ ನಿಲ್ಲಬೇಕು, ಎಷ್ಟು ದನಿ ತೆಗೆಯಬೇಕು ಎಂಬುದೇ ಅಂದಿನ ತಂತ್ರಜ್ಞಾನ. ಆಕೆ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಆ ತಟ್ಟೆಗಳ ಕರಕರ ಸದ್ದಿನ ನಡುವೆ ಆಕೆಯ ಉಸಿರು ಇಂದಿಗೂ ಕೇಳುತ್ತದೆ. ನನ್ನ ಸ್ವಚ್ಛವಾದ ಫೈಲಿನಲ್ಲಿ ದೊಡ್ಡಮ್ಮನ ಉಸಿರಿಲ್ಲ.

ಊರಿನಲ್ಲಿ ಬೀಸುವ ಪದ ಬಲ್ಲವರು ಇನ್ನೊಬ್ಬರಿದ್ದಾರೆ. ಮುಂದಿನ ವಾರ ಹೋಗುತ್ತಿದ್ದೇನೆ. ಕಲ್ಲು ನಿಲ್ಲಿಸಿ ಹಾಡಿ ಎಂದು ಹೇಳುವುದಿಲ್ಲ.